ನಿಸ್ತಂತು ವಾರ್ತೆಗೆ ದಿಕ್ಕು ಕೊಟ್ಟ ಬಗೆ

ಕಳೆದ ಮಳೆಗಾಲದ ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ವಿದ್ಯುತ್ಕಾಂತ ತರಂಗಗಳ ಪಾಠ ನಡೆದಿತ್ತು. ಪಾಠ ಮುಗಿಯುವ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಸರ್, ಏರಿಯಲ್ ಎಂದರೆ ಬರಿಯ ಲೋಹದ ಸರಳು ತಾನೆ? ಅದರಲ್ಲಿ ಬ್ಯಾಟರಿಯೂ ಇಲ್ಲ, ಯಂತ್ರವೂ ಇಲ್ಲ. ಹಾಗಿರುವಾಗ ಒಳ್ಳೆಯ ಏರಿಯಲ್ ಸಂಕೇತವನ್ನು ಹತ್ತು ಮಡಿ ಹೆಚ್ಚಿಸುತ್ತದೆ ಎಂದು ಪುಸ್ತಕದಲ್ಲಿ ಬರೆದಿದ್ದಾರಲ್ಲ, ಇಲ್ಲದ ಶಕ್ತಿ ಎಲ್ಲಿಂದ ಬಂತು?" ಪ್ರಶ್ನೆ ಬಹಳ ಚೆನ್ನಾಗಿತ್ತು. ಆದರೆ ಅಷ್ಟರಲ್ಲಿ ಗಂಟೆ ಬಾರಿಸಿದುದರಿಂದ ಅರ್ಧ ಉತ್ತರವನ್ನಷ್ಟೇ ಕೊಡಲು ಸಾಧ್ಯವಾಯಿತು. ಉಳಿದರ್ಧವನ್ನು ಈ ಸಂಚಿಕೆಯಲ್ಲಿ ಬರೆಯುವುದಾಗಿ ಮಾತು ಕೊಟ್ಟಿದ್ದೆ.

ಮೊದಲನೆಯದಾಗಿ, ಏರಿಯಲ್ ಯಾವ ಶಕ್ತಿಯನ್ನೂ ಸೃಷ್ಟಿಸುವುದಿಲ್ಲ. ಆ ವಿದ್ಯಾರ್ಥಿನಿಯ ಸಂಶಯ ನ್ಯಾಯವಾದುದೇ. ಕೈದೀಪದ, ಎಂದರೆ ಟಾರ್ಚಿನ, ಮುಂದಿನ ಗಾಜನ್ನೂ ಒಳಗಿನ ಬೋಗುಣಿಯಂತಹ ಕನ್ನಡಿಯನ್ನೂ ತೆಗೆದು ಬರಿಯ ಬಲ್ಬನ್ನು ಉರಿಸಿ ನೋಡಿ. ಕೋಣೆಯ ನಾಲ್ಕು ಗೋಡೆಗೂ ಮಂಕಾದ ಬೆಳಕು ಬೀಳುತ್ತದೆ. ಓಣಿಯ ಆ ಕೊನೆಯಲ್ಲಿ ನಿಂತವನಿಗೆ ಏನೂ ಕಾಣದು. ಕನ್ನಡಿಯನ್ನು ಮತ್ತೆ ಜೋಡಿಸಿದೊಡನೆ ಅದೇ ಬಲ್ಬು, ಅದೇ ಸೆಲ್ಲು, ಓಣಿಯ ಆ ಕೊನೆಯ ಮನೆಯ ಬಾಗಿಲಿನ ಸಂಖ್ಯೆಯನ್ನು ಓದಿಸುತ್ತದೆ. ಬೆಳಕು ಹೆಚ್ಚಲಿಲ್ಲ, ಹಿಂದಕ್ಕೂ ಪಕ್ಕಕ್ಕೂ ಹೋಗಿ ವ್ಯರ್ಥವಾಗುತ್ತಿದ್ದುದು ಮುಂದಕ್ಕೆ ತಿರುಗಿತು, ಅಷ್ಟೆ. ಒಂದು ಕಡೆ ಹತ್ತು ಮಡಿ ಹೆಚ್ಚಿದುದು ಉಳಿದೆಲ್ಲ ಕಡೆ ಕಡಿಮೆಯಾದುದರ ಫಲ. ಏರಿಯಲ್ಲಿನ 'ಗಳಿಕೆ' ಎಂದು ಎಂಜಿನಿಯರುಗಳು ಕರೆಯುವುದು ಇದನ್ನೇ.

ಈ ವ್ಯರ್ಥ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಒಂದು ವಾಟ್ ಶಕ್ತಿಯನ್ನು ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲುವ ಪ್ರೇಷಕವೊಂದಿದೆ ಎನ್ನಿ. ಒಂದು ಕಿಲೋಮೀಟರು ದೂರ ಸಾಗುವಷ್ಟರಲ್ಲಿ ಆ ಶಕ್ತಿ ಒಂದು ಕಿಲೋಮೀಟರು ತ್ರಿಜ್ಯದ ಗೋಲದ ಮೇಲೆ ಹರಡಿರುತ್ತದೆ. ಆ ಗೋಲದ ಮೇಲ್ಮೈ ಸುಮಾರು ೧ ಕೋಟಿ ೨೫ ಲಕ್ಷ ಚದರ ಮೀಟರು. ಹಾಗಾದರೆ ಒಂದು ಚದರ ಮೀಟರಿಗೆ ಒಂದು ವಾಟಿನ ಒಂದೂಕಾಲು ಕೋಟಿಯಲ್ಲೊಂದು ಪಾಲು ಮಾತ್ರ. ದೂರ ಎರಡರಷ್ಟಾದರೆ ಪಾಲು ಕಾಲುಭಾಗಕ್ಕೆ ಇಳಿಯುತ್ತದೆ. ಕೇಳಬೇಕಾದ ವ್ಯಕ್ತಿ ಒಬ್ಬನೇ ಆಗಿದ್ದು ಅವನು ಒಂದೇ ದಿಕ್ಕಿನಲ್ಲಿದ್ದರೆ, ಉಳಿದುದೆಲ್ಲ ಯಾರಿಗೂ ದಕ್ಕದೆ ಹೋದಂತೆಯೇ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಶಕ್ತಿಯನ್ನು ನಾಲ್ಕು ಮಡಿ ಒಂದೆಡೆ ಕೂಡಿಸಿದ ಏರಿಯಲ್, ಅಡ್ಡಿಯಿಲ್ಲದ ಬಯಲಿನಲ್ಲಿ, ಅದೇ ಪ್ರೇಷಕದ ಮಾತನ್ನು ಎರಡು ಪಟ್ಟು ದೂರ ಮುಟ್ಟಿಸುತ್ತದೆ.

ದೀಪಕ್ಕೆ ಕನ್ನಡಿ ಇದ್ದಂತೆ ನಿಸ್ತಂತು ತರಂಗಕ್ಕೆ ಕನ್ನಡಿ ಯಾವುದು? ಯಾವ ಲೋಹವಾದರೂ ಆದೀತು. ಈ ತರಂಗಗಳನ್ನು ಪ್ರಯೋಗದಿಂದ ಮೊದಲು ತೋರಿಸಿಕೊಟ್ಟ ಜರ್ಮನಿಯ ಹೈನ್ರಿಚ್ ಹರ್ಟ್ಸ್ ೧೮೮೮ರಲ್ಲೇ ಸತುವಿನ ತಗಡನ್ನು ಪರವಲಯದ ಆಕಾರಕ್ಕೆ ಬಗ್ಗಿಸಿ ತರಂಗಗಳನ್ನು ಒಂದೆಡೆಗೆ ತಿರುಗಿಸಿದ್ದನು. ನಮ್ಮ ಜಗದೀಶಚಂದ್ರ ಬೋಸರು ೧೮೯೫ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಗೋಡೆಯಾಚೆಯ ಗಂಟೆಯನ್ನು ತಂತಿಯಿಲ್ಲದೆ ಬಾರಿಸಿ ತೋರಿಸಿದರು. ಮಿಲಿಮೀಟರಿನ ಲೆಕ್ಕದ ಪುಟ್ಟ ಅಲೆಗಳನ್ನು ಹಿಡಿಯಲು ಅವರು ಬಳಸಿದ ಲೋಹದ ಆಲಿಕೆ ಇಂದಿಗೂ ಕೊಂಬಿನ ಏರಿಯಲ್ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ.

ಹೀಗೆ ವಿಷಯ ಆರಂಭದಲ್ಲೇ ತಿಳಿದಿದ್ದರೂ ಮುಂದಿನ ಇಪ್ಪತ್ತೈದು ವರ್ಷ ಅದು ಮೂಲೆಗೆ ಬಿತ್ತು. ಕಾರಣ ಅಲೆಯ ಉದ್ದ. ಕನ್ನಡಿ ಕನ್ನಡಿಯಾಗಿ ಕೆಲಸ ಮಾಡಬೇಕಾದರೆ ಅದು ಅಲೆಗಿಂತ ದೊಡ್ಡದಾಗಿರಬೇಕು. ಸಮುದ್ರದ ದೊಡ್ಡ ತೆರೆ ಒಂದು ಸಣ್ಣ ಗೂಟವನ್ನು ಸುತ್ತುವರಿದು ಹೋಗಿಬಿಡುತ್ತದೆ. ಉದ್ದವಾದ ಕಟ್ಟೆಗೆ ಬಡಿದರೆ ಮಾತ್ರ ಹಿಂದಿರುಗುತ್ತದೆ. ಮಾರ್ಕೋನಿ ೧೯೦೧ರ ಡಿಸೆಂಬರ್ ೧೨ರಂದು ಅಟ್ಲಾಂಟಿಕ್ ಸಾಗರವನ್ನು ದಾಟಿಸಿ ಸಂಕೇತ ಕಳುಹಿಸಿದ ಮೇಲೆ, ದೂರ ಹೋಗಬೇಕಾದರೆ ಉದ್ದನೆಯ ಅಲೆಯೇ ಬೇಕು, ಅಲೆ ಉದ್ದವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಬೇರೂರಿತು. ೧೯೨೬ರಲ್ಲಿ ಇಂಗ್ಲೆಂಡಿನ ರಗ್ಬಿಯಲ್ಲಿ ತೆರೆದ ನಿಲಯದ ಅಲೆಯ ಉದ್ದ ಸುಮಾರು ೧೮ ಕಿಲೋಮೀಟರು! ಅದರ ಹನ್ನೆರಡು ಕಂಬಗಳು ಒಂದೊಂದೂ ೮೨೦ ಅಡಿ ಎತ್ತರ, ಶಕ್ತಿಯಾದರೋ ನೂರಾರು ಕಿಲೋವಾಟ್. ಹದಿನೆಂಟು ಕಿಲೋಮೀಟರಿನ ಅಲೆಗೆ ಕನ್ನಡಿ ಕಟ್ಟುವುದೆಂದರೆ ಒಂದು ತಾಲ್ಲೂಕಿಗೆ ಬೇಲಿ ಹಾಕಿದಂತೆ. ಆದುದರಿಂದ ಅಂತಹ ನಿಲಯಗಳು ಜಗತ್ತಿನ ಎಲ್ಲ ದಿಕ್ಕಿಗೂ ಕೂಗುತ್ತಿದ್ದವು. ಕೂಗಿಗೆ ಬೇಕಾದ ವಿದ್ಯುತ್ತೂ ಹಾಗೆಯೇ ಖರ್ಚಾಗುತ್ತಿತ್ತು.

ಇದೇ ಹೊತ್ತಿಗೆ ಮಾರ್ಕೋನಿ ತನ್ನ ಹಳೆಯ ನಂಬಿಕೆಯನ್ನು ತಾನೇ ಬದಲಿಸಿಕೊಂಡನು. ಇದು ಸುಲಭದ ಮಾತಲ್ಲ. ಒಂದು ಹಾದಿಯಲ್ಲಿ ಕೀರ್ತಿ ಗಳಿಸಿದವರು ಆ ಹಾದಿ ಬಿಡುವುದು ಅಪರೂಪ. ೧೯೧೬ರಿಂದಲೇ ಅವನೂ ಅವನ ಸಹೋದ್ಯೋಗಿ ಫ್ರಾಂಕ್ಲಿನನೂ ಕೆಲವೇ ಮೀಟರು ಉದ್ದದ ಅಲೆಗಳನ್ನು ತಂತಿಯ ಕನ್ನಡಿಗಳಿಂದ ತಿರುಗಿಸಿ ಪರೀಕ್ಷಿಸುತ್ತಿದ್ದರು. ೧೯೨೩ರಲ್ಲಿ 'ಎಲೆಟ್ರಾ' ಎಂಬ ತನ್ನ ಹಡಗಿನಲ್ಲಿ ಕುಳಿತು ಕೇಪ್ ವರ್ಡ್ ದ್ವೀಪಗಳವರೆಗೆ ಹೋಗಿ, ಇಂಗ್ಲೆಂಡಿನ ಪೋಲ್ಡು ನಿಲಯದಿಂದ ಹೊರಟ ಸುಮಾರು ನೂರು ಮೀಟರಿನ ಅಲೆ ಅಲ್ಲಿಯೂ ಸ್ಪಷ್ಟವಾಗಿ ಕೇಳುವುದನ್ನು ಅವನು ಕಂಡನು. ಇದರ ಫಲವಾಗಿ ಬ್ರಿಟನ್ನಿನಿಂದ ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಮತ್ತು ಭಾರತಗಳಿಗೆ 'ಬೀಮ್' ನಿಲಯಗಳು ಬಂದವು. ಬೀಮ್ ಎಂದರೆ ಕಿರಣ.

ಭಾರತದ ಬೀಮ್ ನಿಲಯ ಎಲ್ಲಿತ್ತು ಬಲ್ಲಿರಾ? ಮುಂಬಯಿಯಿಂದ ಸೋಲಾಪುರ, ಕಲಬುರ್ಗಿ ಮಾರ್ಗವಾಗಿ ರಜೆಗೆ ಊರಿಗೆ ಹೋಗುವ ನಿಮ್ಮಲ್ಲಿ ಅನೇಕರು ಆ ಎರಡು ಊರುಗಳನ್ನೂ ವರ್ಷವರ್ಷವೂ ದಾಟುತ್ತೀರಿ. ಕಳುಹಿಸುವ ನಿಲಯ ಪುಣೆಯ ಪಕ್ಕದ ಖಡಕಿಯಲ್ಲಿ. ಕೇಳುವ ನಿಲಯ ಪುಣೆಯಾಚೆಯ ದೌಂಡಿನಲ್ಲಿ. ೧೯೨೭ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಂಗ್ಲೆಂಡಿನಲ್ಲಿ ಇದಕ್ಕೆ ಜೋಡಿ ನಿಲಯಗಳು ಗ್ರಿಮ್ಸ್‌ಬಿ ಮತ್ತು ಸ್ಕೆಗ್ನೆಸ್ ಊರುಗಳ ಬಳಿ ಇದ್ದವು. ಕೂಗುವ ಬಾಯಿಯನ್ನೂ ಕೇಳುವ ಕಿವಿಯನ್ನೂ ಎಪ್ಪತ್ತೈದು ಕಿಲೋಮೀಟರಿನಷ್ಟು ದೂರ ಇಟ್ಟುದು ಏಕೆಂದರೆ, ಪಕ್ಕದಲ್ಲೇ ಗುಡುಗುವ ಸ್ವಂತ ಪ್ರೇಷಕದ ಸದ್ದಿನಲ್ಲಿ ಏಳು ಸಾವಿರ ಕಿಲೋಮೀಟರಿನಾಚೆಯ ಪಿಸುಮಾತು ಕೇಳಿಸಲಾರದು.

ಬೀಮ್ ನಿಲಯದ ಏರಿಯಲ್ ಒಂದು ಪರದೆಯಂತೆ ಇತ್ತು. ಬ್ರಿಟನ್ನಿನ ನಿಲಯಗಳಲ್ಲಿ ಸುಮಾರು ೨೮೦ ಅಡಿ ಎತ್ತರದ ಕಂಬಗಳ ಸಾಲಿಗೆ ಅಡ್ಡತೋಳುಗಳನ್ನು ಕಟ್ಟಿ, ಅವುಗಳಿಂದ ತಂತಿಗಳನ್ನು ಮಗ್ಗದ ಹಾಸಿನಂತೆ ಕೆಳಕ್ಕೆ ಇಳಿಬಿಟ್ಟಿದ್ದರು. ಅದರ ಹಿಂದೆ ಅಂತಹುದೇ ಇನ್ನೊಂದು ಪರದೆ. ಅಲೆಯ ಉದ್ದ ಕೆಲವು ಹತ್ತು ಮೀಟರುಗಳಷ್ಟೇ ಆದುದರಿಂದ ಪರದೆಯ ಅಗಲ ಹಲವು ಅಲೆಗಳಷ್ಟು ಆಗುತ್ತಿತ್ತು. ಮುಂದಿನ ತಂತಿಗಳೆಲ್ಲ ಒಂದೇ ತಾಳದಲ್ಲಿ ಮಿಡಿಯುತ್ತವೆ. ಪರದೆಯ ನೇರ ಎದುರಿಗೆ ಎಲ್ಲ ತಂತಿಗಳ ಅಲೆಗಳೂ ಕೂಡಿಯೇ ತಲುಪಿ ಒಂದನ್ನೊಂದು ಬೆಳೆಸುತ್ತವೆ. ಓರೆಯಾದ ದಿಕ್ಕಿನಲ್ಲಿ ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಅಳಿದುಹೋಗುತ್ತವೆ.

ಹಿಂದಿನ ಪರದೆಯ ಕೆಲಸವನ್ನು ಕೊಂಚ ಗಮನವಿಟ್ಟು ತಿಳಿಯಬೇಕು. ಅದು ಅಲೆಯ ಕಾಲುಭಾಗದಷ್ಟು ಹಿಂದೆ ಇದೆ ಎಂದಿಟ್ಟುಕೊಳ್ಳಿ. ಹಿಂದಕ್ಕೆ ಹೊರಟ ಅಲೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಕಾಲು ಸುತ್ತು ಕಳೆಯುತ್ತದೆ. ಲೋಹಕ್ಕೆ ಬಡಿದು ಮರಳುವಾಗ ಉಬ್ಬು ತಗ್ಗಾಗಿ ತಿರುಗುತ್ತದೆ. ಅದು ಅರ್ಧ ಸುತ್ತಿಗೆ ಸಮ. ಮರಳಿ ಮುಂದಿನ ತಂತಿಯ ಬಳಿಗೆ ಬರಲು ಮತ್ತೆ ಕಾಲು ಸುತ್ತು. ಒಟ್ಟು ಒಂದು ಪೂರ್ತಿ ಸುತ್ತು. ಆ ಕ್ಷಣಕ್ಕೆ ಸರಿಯಾಗಿ ಮುಂದಿನ ತಂತಿ ಹೊಸ ಉಬ್ಬನ್ನು ಹೊರಡಿಸುತ್ತಿರುತ್ತದೆ. ಎರಡೂ ಕೈಕೂಡಿಸಿ ಮುಂದಕ್ಕೆ ಹೋಗುತ್ತವೆ. ಪಂಚಮಿಯ ಉಯ್ಯಾಲೆಯನ್ನು ಅದು ಹಿಂದಿನ ತುದಿಗೆ ಬಂದ ಕ್ಷಣದಲ್ಲೇ ನೂಕಿದರೆ ಜೀಕು ಬೆಳೆಯುತ್ತದೆ, ನಡುವೆ ತಡೆದು ನೂಕಿದರೆ ನಿಂತುಹೋಗುತ್ತದೆ ಎಂಬುದನ್ನು ನೀವು ಬಲ್ಲಿರಷ್ಟೆ. ಇಲ್ಲಿಯೂ ಅದೇ ನಿಯಮ.

ಇದರ ಪರಿಣಾಮವೇನೆಂದರೆ, ನೂರಾರು ಕಿಲೋವಾಟಿನ ಉದ್ದಲೆಯ ನಿಲಯಗಳು ಹೆಣಗುತ್ತಿದ್ದ ಕೆಲಸವನ್ನು ಇಪ್ಪತ್ತು ಕಿಲೋವಾಟಿನ ಆಸುಪಾಸಿನ ಬೀಮ್ ನಿಲಯ ಇನ್ನೂ ವೇಗವಾಗಿ ಮಾಡತೊಡಗಿತು. ೧೮೭೦ರಿಂದ ಮುಂಬಯಿಯನ್ನು ಸಮುದ್ರದಡಿಯ ತಂತಿಯ ಮೂಲಕ ಲಂಡನ್ನಿಗೆ ಜೋಡಿಸಿದ್ದ ಕೇಬಲ್ ಕಂಪನಿಗಳು ಪೈಪೋಟಿ ತಾಳಲಾರದೆ ಹೋದವು. ೧೯೨೯ರಲ್ಲಿ ಕೇಬಲ್ಲಿನವರೂ ನಿಸ್ತಂತಿನವರೂ ಒಂದೇ ಸಂಸ್ಥೆಯಾಗಿ ಕೂಡಬೇಕಾಯಿತು. ಕೇಳುವ ಕಡೆಯ ಲಾಭವನ್ನೂ ಮರೆಯಬಾರದು. ದಿಕ್ಕು ಹಿಡಿದ ಏರಿಯಲ್ ಕಳುಹಿಸುವಾಗ ಎಷ್ಟು ಗಳಿಸುತ್ತದೆಯೋ ಕೇಳುವಾಗಲೂ ಅಷ್ಟನ್ನೇ ಗಳಿಸುತ್ತದೆ. ಅದಕ್ಕಿಂತ ಮುಖ್ಯವಾದುದು, ಬೇರೆ ದಿಕ್ಕುಗಳಿಂದ ಬರುವ ಸಿಡಿಲಿನ ಗರಗರ ಶಬ್ದಕ್ಕೂ ಪರರ ನಿಲಯಗಳಿಗೂ ಅದು ಕಿವುಡಾಗಿರುತ್ತದೆ. ನಿಸ್ತಂತು ವಿದ್ಯೆಯಲ್ಲಿ ಮಾತು ಕೆಡುವುದು ಅದು ದುರ್ಬಲವಾದುದರಿಂದಲ್ಲ, ಗದ್ದಲಕ್ಕಿಂತ ದುರ್ಬಲವಾದುದರಿಂದ.

ಪರದೆಯ ಏರಿಯಲ್ಲಿಗೆ ಹೊಲದಷ್ಟು ಜಾಗ ಬೇಕು. ಒಂದು ಕೋಲಿನ ಮೇಲೆ ಕೂರುವಂತಹ ಏರಿಯಲ್ ಜಪಾನಿನಿಂದ ಬಂತು. ಸೆಂಡಾಯಿಯ ತೊಹೊಕು ವಿಶ್ವವಿದ್ಯಾಲಯದ ಶಿಂತಾರೋ ಉಡಾ ಮತ್ತು ಹಿಡೆತ್ಸುಗು ಯಾಗಿ ೧೯೨೬ರಲ್ಲಿ ಅದನ್ನು ವಿವರಿಸಿದರು. ಅರ್ಧ ಅಲೆಯಷ್ಟು ಉದ್ದದ ಒಂದು ಸರಳಿಗೆ ಮಾತ್ರ ತಂತಿಯ ಸಂಪರ್ಕ. ಅದರ ಹಿಂದೆ ತುಸು ಉದ್ದವಾದ ಒಂದು ಸರಳು, ಮುಂದೆ ತುಸು ಗಿಡ್ಡವಾದ ಹಲವು ಸರಳುಗಳು. ಇವು ಯಾವುದಕ್ಕೂ ತಗುಲಿಕೊಂಡಿಲ್ಲ. ನಡುವಿನ ಸರಳು ಮಿಡಿದಾಗ ಇವೂ ತಾವಾಗಿಯೇ ಮಿಡಿಯುತ್ತವೆ. ಉದ್ದವಾದುದು ಕನ್ನಡಿಯಂತೆ ಹಿಂದಿರುಗಿಸುತ್ತದೆ, ಗಿಡ್ಡವಾದವು ಕೈಹಿಡಿದು ಮುಂದಕ್ಕೆ ನಡೆಸುತ್ತವೆ. ಸ್ವದೇಶದಲ್ಲಿ ಈ ಶೋಧವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ೧೯೪೨ರಲ್ಲಿ ಸಿಂಗಪುರವನ್ನು ಗೆದ್ದ ಜಪಾನೀ ಸೈನ್ಯಕ್ಕೆ ಬ್ರಿಟಿಷರ ರೇಡಾರ್ ಟಿಪ್ಪಣಿಗಳು ಸಿಕ್ಕಿದಾಗ ಅದರಲ್ಲಿ 'ಯಾಗಿ' ಎಂಬ ಮಾತು ಮತ್ತೆ ಮತ್ತೆ ಬಂದಿತ್ತು. ಇದೇನೆಂದು ಅವರು ಸೆರೆಯಾಳನ್ನು ಕೇಳಿದರಂತೆ. ಅದು ನಿಮ್ಮ ದೇಶದವನ ಹೆಸರೇ ಎಂಬ ಉತ್ತರ ಬಂದಿತಂತೆ. ಹೆಸರು ಯಾಗಿಯದು ಹೆಚ್ಚು ಪ್ರಚಾರವಾಯಿತು, ದುಡಿಮೆ ಉಡಾ ಅವರದು ಹೆಚ್ಚು. ಆ ಉಡಾ ಅವರು ೧೯೫೦ರ ದಶಕದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಯುನೆಸ್ಕೋ ತಜ್ಞರಾಗಿ ಬಂದು ಕೆಲವು ವರ್ಷ ಇದ್ದರು.

ನಾನು ನಿಮ್ಮ ವಯಸ್ಸಿನವನಾಗಿದ್ದಾಗ ಮುಂಬಯಿಯ ಚಾಳುಗಳ ಮಾಳಿಗೆಯ ತುಂಬ ಈ ಯಾಗಿ ಏರಿಯಲ್ಲುಗಳೇ. ಮುಂಬಯಿಯಲ್ಲಿ ದೂರದರ್ಶನ ೧೯೭೨ರ ಅಕ್ಟೋಬರ್ ೨ರಂದು ಆರಂಭವಾಯಿತು. ವರಳಿಯ ಗೋಪುರದ ಕಡೆಗೆ ಎಲ್ಲವೂ ಮುಖ ಮಾಡಿ ನಿಲ್ಲುತ್ತಿದ್ದವು. ಮಳೆಗಾಳಿಗೆ ನಮ್ಮದು ತಿರುಗಿತೆಂದರೆ ತಂದೆಯವರು ಮಾಳಿಗೆಗೆ ಹತ್ತುವರು, ನಾನು ಮೆಟ್ಟಿಲಲ್ಲಿ ನಿಲ್ಲುವೆನು, ತಾಯಿ ಒಳಗಿನಿಂದ "ಬಂತು, ಬಂತು, ಅಯ್ಯೋ ಹೋಯಿತು" ಎಂದು ಕೂಗುವರು. ನಾನು ಅದನ್ನು ಮೇಲಕ್ಕೆ ಮುಟ್ಟಿಸುವೆನು. ಪಕ್ಕದಲ್ಲಿ ಎತ್ತರದ ಕಟ್ಟಡವೊಂದು ಎದ್ದ ಮೇಲೆ ಒಂದೊಂದು ಮುಖಕ್ಕೂ ಮಗ್ಗುಲಲ್ಲಿ ಒಂದು ಮಸುಕು ನೆರಳು ಕಾಣತೊಡಗಿತು. ನೇರವಾಗಿ ಬಂದ ಅಲೆಯೂ ಕಟ್ಟಡಕ್ಕೆ ಬಡಿದು ಸುತ್ತಿ ಬಂದ ಅಲೆಯೂ ಹಿಂದುಮುಂದಾಗಿ ಸೇರುತ್ತಿದ್ದುದೇ ಅದಕ್ಕೆ ಕಾರಣ. ಕಟ್ಟಡ ನಮಗೂ ಗೋಪುರಕ್ಕೂ ಅಡ್ಡವಾಗಿ ಇನ್ನೂ ಮೇಲೆದ್ದಾಗ ತಂದೆಯವರು ಬೇಸತ್ತು ಏರಿಯಲ್ಲನ್ನು ವರಳಿಗೆ ಬೆನ್ನಾಗಿ ತಿರುಗಿಸಿದರು. ಚಿತ್ರ ಸ್ವಚ್ಛವಾಗಿ ಬಂತು! ಹಿಂದಿನ ಇನ್ನೊಂದು ಕಟ್ಟಡದಿಂದ ಮರಳಿ ಬರುತ್ತಿದ್ದ ಅಲೆಯನ್ನು ಅದು ಹಿಡಿದಿತ್ತು. ಅಂದು ನೆರೆಯವರೆಲ್ಲ ನಕ್ಕರು; ಮರುವಾರ ಇಬ್ಬರು ತಮ್ಮದನ್ನೂ ತಿರುಗಿಸಿಕೊಂಡರು.

ಇನ್ನು ಕನ್ನಡ ನಾಡಿನ ಹಳ್ಳಿಗಳ ವಿಷಯಕ್ಕೆ ಬರೋಣ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಒಂದು ದೊಡ್ಡ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ನೇರವಾಗಿ ಉಪಗ್ರಹದಿಂದಲೇ ದೂರದರ್ಶನ ತಲುಪಿಸುವ ಈ ಪ್ರಯೋಗಕ್ಕೆ 'ಸೈಟ್' ಎಂದು ಹೆಸರು. ಕರ್ನಾಟಕದಲ್ಲಿ ವಿಜಾಪುರ, ಕಲಬುರ್ಗಿ, ರಾಯಚೂರು ಜಿಲ್ಲೆಗಳನ್ನು ಆರಿಸಿಕೊಂಡಿದ್ದರು. ಕಾರ್ಯಕ್ರಮ ಕನ್ನಡದಲ್ಲೇ ಇರುತ್ತಿತ್ತು. ಅಮೆರಿಕದ ಎಟಿಎಸ್-೬ ಎಂಬ ಉಪಗ್ರಹ ಆಫ್ರಿಕದ ಮೇಲೆ ೩೬,೦೦೦ ಕಿಲೋಮೀಟರು ಎತ್ತರದಲ್ಲಿ ನಿಂತಿತ್ತು. ಅದರ ಪ್ರೇಷಕದ ಶಕ್ತಿ ಎಷ್ಟೆಂದು ಊಹಿಸಬಲ್ಲಿರಾ? ೮೦ ವಾಟ್, ಮನೆಯ ಫ್ಯಾನು ಬಳಸುವಷ್ಟು. ಆದರೆ ಅದರ ತಟ್ಟೆಯಾಕಾರದ ಏರಿಯಲ್ ಕೊಡೆಯಂತೆ ಬಿಚ್ಚಿಕೊಂಡು ೩೦ ಅಡಿ ಅಗಲವಾಗುತ್ತಿತ್ತು. ಅಲೆಯ ಉದ್ದ ೩೫ ಸೆಂಟಿಮೀಟರು. ಆ ತಟ್ಟೆ ಶಕ್ತಿಯನ್ನು ಸುಮಾರು ಎರಡು ಸಾವಿರ ಮಡಿ ಒಂದೆಡೆಗೆ ಕೂಡಿಸಿ, ಮೂರು ಡಿಗ್ರಿಗಿಂತ ಕಿರಿದಾದ ಕಿರಣವನ್ನಾಗಿ ಮಾಡಿ ಭಾರತದ ಮೇಲೆ ಬೀರುತ್ತಿತ್ತು. ಮೂರು ಡಿಗ್ರಿ ಎಂದರೆ ಕಿರಿದಲ್ಲವೆ ಎನ್ನಬೇಡಿ. ಅಷ್ಟು ದೂರದಿಂದ ಬಂದು ನೆಲ ಮುಟ್ಟುವಾಗ ಅದು ಸಾವಿರದೇಳುನೂರು ಕಿಲೋಮೀಟರಿನಷ್ಟು ಅಗಲವಾಗಿರುತ್ತದೆ.

ಹಳ್ಳಿಯ ಕಡೆಯ ತಟ್ಟೆ ಮೂರು ಮೀಟರು ಅಗಲದ್ದು. ಅದನ್ನು ಮಾಡಿದುದು ಕೋಳಿಗೂಡಿಗೆ ಹಾಕುವ ತಂತಿಯ ಬಲೆಯಿಂದ. ತೂತುಗಳ ಮೂಲಕ ಅಲೆ ಸೋರಿಹೋಗದೆ? ಹೋಗದು. ತೂತು ಅಲೆಯ ಉದ್ದಕ್ಕಿಂತ ಬಹಳ ಸಣ್ಣದಾಗಿದ್ದರೆ ಬಲೆಯೂ ತಗಡೂ ಅಲೆಗೆ ಒಂದೇ. ಬೆಲೆ ಕಡಿಮೆ, ತೂಕ ಕಡಿಮೆ, ಗಾಳಿಯ ಹೊಡೆತವೂ ಕಡಿಮೆ. ಈ ಬಲೆಯ ತಟ್ಟೆಗಳು ಪಡುವಣದ ಆಕಾಶವನ್ನು ನೋಡುತ್ತ ಒಂದು ವರ್ಷ ನಿಂತವು. ಅವಧಿ ಮುಗಿದಾಗ ಉಪಗ್ರಹ ಅಮೆರಿಕದ ಕಡೆಗೆ ಮರಳಿತು. ಹಳ್ಳಿಯ ಪರದೆಗಳು ಒಂದೇ ದಿನದಲ್ಲಿ ಬರಿದಾದವು. ತಟ್ಟೆ ಹಾಗೆಯೇ ಇತ್ತು, ನೋಡಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ದಿಕ್ಕು ಹಿಡಿದ ಏರಿಯಲ್ಲಿನ ಬಲವೂ ಬಲಹೀನತೆಯೂ ಇದೇ: ಅದು ಒಂದನ್ನೇ ಕಾಣುತ್ತದೆ. ಈ ಕಾರಣದಿಂದಲೇ ಎಲ್ಲರಿಗೂ ಕೇಳಬೇಕಾದ ಆಕಾಶವಾಣಿಯ ನಿಲಯಕ್ಕಾಗಲಿ, ಯಾವ ದಿಕ್ಕಿಗೆ ತಿರುಗಿದೆಯೋ ಹೇಳಲಾಗದ ಮೀನುಗಾರರ ದೋಣಿಯ ಕೈಯಂತ್ರಕ್ಕಾಗಲಿ ಇದು ಒಗ್ಗುವುದಿಲ್ಲ.

ಇಂದು ಮನೆಯ ಕಿಟಕಿಯಲ್ಲಿರುವ ತಟ್ಟೆ ಎರಡು ಅಡಿಯದೇ ಆಗಿದ್ದೂ ಸಾಕಾಗುವುದು ಏಕೆ? ಅಲೆ ಎರಡೂವರೆ ಸೆಂಟಿಮೀಟರಿಗೆ ಇಳಿದಿದೆ. ಲೆಕ್ಕಕ್ಕೆ ಬರುವುದು ತಟ್ಟೆಯಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬುದು. ಮುಂಬಯಿಯಲ್ಲಿ ಇವೆಲ್ಲವೂ ಸುಮಾರಾಗಿ ಆಗ್ನೇಯಕ್ಕೆ ತಿರುಗಿರುತ್ತವೆ. ಹೊಸ ಬಡಾವಣೆಯಲ್ಲಿ ದಿಕ್ಕು ತಪ್ಪಿದವರು ಇವನ್ನು ನೋಡಿ ತಿಳಿದುಕೊಳ್ಳಬಹುದು. ಬೆಂಗಳೂರಿನ ಹತ್ತಿರದ ಬ್ಯಾಲಾಳು ಗ್ರಾಮದಲ್ಲಿರುವ ತಟ್ಟೆಯಂತೂ ೩೨ ಮೀಟರು ಅಗಲದ್ದು. ೨೦೧೪ರ ಸೆಪ್ಟೆಂಬರ್ ೨೪ರಂದು ಮಂಗಳಯಾನದ ನೌಕೆ ಮಂಗಳಗ್ರಹವನ್ನು ಸುತ್ತತೊಡಗಿದಾಗ ಅದು ಇಪ್ಪತ್ತೆರಡು ಕೋಟಿ ಕಿಲೋಮೀಟರಿಗೂ ದೂರವಿತ್ತು. ಅದರ ಮಾತು ಇಲ್ಲಿಗೆ ಬರಲು ಹನ್ನೆರಡೂವರೆ ನಿಮಿಷ ಬೇಕಿತ್ತು. ನೌಕೆಯ ೨.೨ ಮೀಟರಿನ ತಟ್ಟೆಯ ಗಳಿಕೆ ಸ್ಥೂಲವಾಗಿ ಸಾವಿರದೈನೂರು, ೩೨ ಮೀಟರಿನದರ ಗಳಿಕೆ ಮೂರು ಲಕ್ಷಕ್ಕೂ ಮೇಲು. ಎರಡನ್ನೂ ಗುಣಿಸಿದರೆ ಸುಮಾರು ಐವತ್ತು ಕೋಟಿ. ಏರಿಯಲ್ಲುಗಳೆರಡಕ್ಕೂ ದಿಕ್ಕೇ ಇಲ್ಲದಿದ್ದರೆ ನೌಕೆಯ ಪ್ರೇಷಕ ಐವತ್ತು ಕೋಟಿ ಮಡಿ ದೊಡ್ಡದಿರಬೇಕಾಗುತ್ತಿತ್ತು.

ಕೊನೆಯದಾಗಿ ನಮ್ಮ ಶಾಲೆಯ ಎದುರಿನ ಮೊಬೈಲ್ ಗೋಪುರ. ಅದರ ಮೇಲೆ ನಿಂತಿರುವ ಚಪ್ಪಟೆ ಪೆಟ್ಟಿಗೆಗಳು ಮೂರು ಮುಖವಾಗಿವೆ. ಒಂದೊಂದರ ಪಾಲಿಗೆ ೧೨೦ ಡಿಗ್ರಿ. ಅವು ಕೊಂಚ ಕೆಳಕ್ಕೆ ಬಾಗಿಯೂ ಇರುತ್ತವೆ. ಮಾತು ದೂರ ಹೋಗದಿರಲಿ ಎಂಬುದೇ ಇಲ್ಲಿಯ ಉದ್ದೇಶ! ಪಕ್ಕದ ಗೋಪುರವೂ ಅದೇ ಅಲೆಯನ್ನು ತನ್ನ ಜನರಿಗೆ ಬಳಸಬೇಕಷ್ಟೆ. ೨೦೨೨ರ ಅಕ್ಟೋಬರಿನಲ್ಲಿ ದೇಶಕ್ಕೆ ಬಂದ ಐದನೆಯ ತಲೆಮಾರಿನ ಪೆಟ್ಟಿಗೆಗಳಲ್ಲಿ ಹತ್ತಾರು ಪುಟ್ಟ ಏರಿಯಲ್ಲುಗಳ ಸಾಲುಗಳಿದ್ದು, ಪೆಟ್ಟಿಗೆ ಅಲುಗದೆಯೇ ಕಿರಣ ತಿರುಗುತ್ತದೆ. ಗಣರಾಜ್ಯದಿನದ ಕವಾಯತಿನಲ್ಲಿ ಅಡ್ಡಸಾಲು ತಿರುಗುವಾಗ ಒಂದು ತುದಿಯವನು ತಡೆದು, ಇನ್ನೊಂದು ತುದಿಯವನು ಮುಂದಾಗಿ ಹೆಜ್ಜೆ ಹಾಕುತ್ತಾನಲ್ಲವೆ? ಹಾಗೆಯೇ ಸಾಲಿನ ಒಂದೊಂದು ಏರಿಯಲ್ಲಿಗೂ ಮಿಡಿತವನ್ನು ಕ್ರಮವಾಗಿ ತುಸು ತಡೆದು ಕೊಟ್ಟರೆ ಅಲೆಯ ಸಾಲು ಓರೆಯಾಗಿ ಹೊರಡುತ್ತದೆ. ಜರ್ಮನಿಯ ಬ್ರೌನ್ ಎಂಬುವನು ೧೯೦೫ರಲ್ಲಿ ಮೂರು ಏರಿಯಲ್ಲುಗಳಿಂದ ಈ ತಂತ್ರವನ್ನು ಮಾಡಿ ತೋರಿಸಿದ್ದನು. ೧೯೦೯ರಲ್ಲಿ ಮಾರ್ಕೋನಿಯೊಡನೆ ನೊಬೆಲ್ ಬಹುಮಾನ ಹಂಚಿಕೊಂಡವನು ಅವನೇ.

ಈಗ ಒಂದು ಕೆಲಸ. ಶನಿವಾರ ಆಟದ ಬಯಲಿಗೆ ದಪ್ಪ ಕಾಗದವನ್ನು ತನ್ನಿ. ಎರಡು ಆಲಿಕೆಗಳನ್ನು ಸುತ್ತಿ. ಒಬ್ಬನು ಒಂದೇ ಹದದ ದನಿಯಲ್ಲಿ ಅಂಕಿಗಳನ್ನು ಓದುತ್ತಿರಲಿ, ಇನ್ನೊಬ್ಬನು ಕೇಳದಾಗುವವರೆಗೆ ಹಿಂದಕ್ಕೆ ನಡೆಯಲಿ. ಮೊದಲು ಬರಿಗೈಯಲ್ಲಿ, ಅನಂತರ ಓದುವವನ ಬಾಯಿಗೆ ಆಲಿಕೆ ಇಟ್ಟು, ಕೊನೆಗೆ ಕೇಳುವವನ ಕಿವಿಗೂ ಇಟ್ಟು ಹೆಜ್ಜೆಗಳನ್ನು ಎಣಿಸಿ ಬರೆದುಕೊಳ್ಳಿ. ಶಬ್ದದ ಅಲೆಯೂ ನಿಸ್ತಂತು ಅಲೆಯೂ ಜಾತಿಯಲ್ಲಿ ಬೇರೆಯೆಂಬುದು ನೆನಪಿರಲಿ. ಗಾಳಿ ಬೀಸುವ ದಿನ ಬೇಡ. ಸಂಜೆ ಐದರ ಮೇಲೆ ರಸ್ತೆಯ ವಾಹನಗಳ ಗದ್ದಲ ಹೆಚ್ಚು, ಆಗಲೂ ಒಮ್ಮೆ ಎಣಿಸಿ ನೋಡಿ, ಹೆಜ್ಜೆಗಳ ಸಂಖ್ಯೆ ಬೇರೆಯಾಗಿರುತ್ತದೆ.